ಸಿರೋಸಿಸ್ ರೋಗಿಯ ಸ್ಲೈಡಿನಾಗ ಮುಳ್ಳಿನ ಕೆಂಪುಕಣ: ಬರ್ ಸೆಲ್ಲೋ, ಸ್ಪರ್ ಸೆಲ್ಲೋ?

ಗದಗ_ಲ್ಯಾಬ್:
ಮದ್ಯದಿಂದ ಆದ ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡೂದು), ಹೊಟ್ಟ್ಯಾಗ ನೀರು ತುಂಬೈತಿ. ಹಿಮೋಗ್ಲೋಬಿನ್ 7.4, ಪಿಸಿವಿ (ರಕ್ತದಾಗ ಕೆಂಪುಕಣದ ಪಾಲು) 22, ಎಂಸಿವಿ (ಕಣದ ಸರಾಸರಿ ಗಾತ್ರ) 106, ರೆಟಿಕ್ (ಹೊಸ ಎಳೆ ಕೆಂಪುಕಣ) 7%. ಬಿಲಿರುಬಿನ್ 9, ಅದರಾಗ ಇನ್‌ಡೈರೆಕ್ಟ್ (ಕಣ ಒಡೆದಾಗ ಏರೋದು) 6. ಕೂಂಬ್ಸ್ (ಕಣಕ್ಕ ಅಂಟಿದ ಪ್ರತಿಕಾಯ ನೋಡೋ ಟೆಸ್ಟ್) ನೆಗೆಟಿವ್. ರಕ್ತ ಮುಂಜಾನೆ ರೋಣದಾಗ ತೆಗೆದದ್ದು, ಹುಬ್ಬಳ್ಳಿ ಮುಟ್ಟಿ ಸ್ಲೈಡ್ ಆಗೂದ್ರಾಗ ಸಂಜಿ. ‘ಬರ್ ಸೆಲ್ ಹೆಚ್ಚು’ ಅಂತ ರಿಪೋರ್ಟ್ ಬಂತು. ಎರಡು ಬಾಟಲಿ ರಕ್ತ ಏರಿಸಿದ್ರೂ ವಾರದಾಗ ಮತ್ತ ಅಷ್ಟಕ್ಕ ಇಳೀತು. ಕಬ್ಬಿಣದ ಗುಳಿಗಿ ಚಾಲೂ ಅದಾವು. ಏನಂತ ತಿಳ್ಕೋಬೇಕ್ರಿ?

ಧಾರವಾಡ_ಸ್ಲೈಡ್:
ಆ ಸ್ಲೈಡ್ ಬಿಟ್ಟುಬಿಡ್ರಿ. ಇಡಿಟಿಎದಾಗ (ರಕ್ತ ಹೆಪ್ಪುಗಟ್ಟದಂಗ ಟ್ಯೂಬಿನ್ಯಾಗ ಹಾಕೋ ಮದ್ದು) ಏಳೆಂಟು ತಾಸು ಕುಂತ ರಕ್ತದಾಗ ಆರಾಮ ಇದ್ದವರ ಕಣಕ್ಕೂ ಮುಳ್ಳು ಬರ್ತಾವ. ಹೊಸದಾಗಿ ತೆಗೆದು, ಅಲ್ಲೇ ರೋಣದಾಗ, ಎರಡು ತಾಸಿನೊಳಗ ಸ್ಲೈಡ್ ಎಳೀರಿ. ಇಡಿಟಿಎ ಮುಟ್ಟಿಸದ ಬೆರಳಿನ ಹನಿಯಿಂದ ಇನ್ನೊಂದು ಇರ್ಲಿ, ಹೋಲಿಸಿ ನೋಡಾಕ. ಎಳೆಯೋ ಸ್ಲೈಡ್ 30-45 ಡಿಗ್ರಿ ಓರೆ, ಎಳೆದ ಕೂಡ್ಲೆ ಗಾಳಿ ಬೀಸಿ ಒಣಗಿಸ್ರಿ; ಮಳಿಗಾಲದಾಗ ಮೆಲ್ಲಕ ಒಣಗಿದ್ರ ಅದೂ ಬರ್ ಸೆಲ್ ಹುಟ್ಟಸ್ತದ. ಲೀಶ್‌ಮನ್ ಬಣ್ಣ 2 ನಿಮಿಷ, ಮ್ಯಾಲೆ ಎರಡರಷ್ಟು 6.8 ಪಿಎಚ್ ಬಫರ್ ಹಾಕಿ 8-10 ನಿಮಿಷ. ಹುಬ್ಬಳ್ಳಿಗೆ ಸ್ಲೈಡ್ ಕಳಿಸ್ರಿ, ಟ್ಯೂಬ್ ಬ್ಯಾಡ.

ಬರ್ ಸೆಲ್ಲಿನ ಮುಳ್ಳು ಗಿಡ್ಡ, ಒಂದೇ ಅಳತಿ, 10-30 ಇರ್ತಾವ, ನಡುವಿನ ಬಿಳುಪು ಉಳಿದಿರ್ತದ. ಸ್ಪರ್ ಸೆಲ್ಲಿನ್ಯಾಗ ಒಂದು ಉದ್ದ ಒಂದು ಗಿಡ್ಡ, ತುದಿ ಮೊಂಡ, ಅಂತರಕ್ಕ ಲೆಕ್ಕಿಲ್ಲ, ಬಿಳುಪು ಮಾಯ. ಕಣ ತಾಗಿಯೂ ತಾಗದಂಗ ಇರೋ ಜಾಗದಾಗ 1000 ಎಣಿಸ್ರಿ. ಸ್ಲೈಡಿನ ತೆಳು ಬಾಲದ ಕಡೆ ಯಾವ ಕಣಕ್ಕೂ ಬಿಳುಪು ಇರೂದಿಲ್ಲ, ಅಲ್ಲಿ ಎಣಿಸಿದ್ರ ಮೋಸ ಹೋಗ್ತೀರಿ. 5% ದಾಟಿದ್ರ ಶೇಕಡಾ ಎಷ್ಟಂತ ಬರೀರಿ. ‘ಅಲ್ಲಲ್ಲಿ ಕಂಡವು’ ಅಂದ್ರ ಡಾಕ್ಟರಿಗೆ ಏನೂ ತಿಳಿಯೂದಿಲ್ಲ.

ಹಾವೇರಿ_ಫಿಸಿಶಿಯನ್:
ಈ ಅಂಕಿ ನೋಡಿದರೆ ಸ್ಪರ್ ಸೆಲ್ ಅನೀಮಿಯಾ (ಲಿವರ್ ಕೆಟ್ಟು ಕೆಂಪುಕಣ ಮುಳ್ಳಾಗಿ ಒಡೆಯೋ ರಕ್ತಹೀನತೆ) ಮೇಲೇ ಸಂಶಯ. ರೆಟಿಕ್ 7 ಅಂತ ಹಿಗ್ಗಬೇಡಿ, ಪಿಸಿವಿ 22ಕ್ಕೆ ತಿದ್ದಿದರೆ (7 × 22/45) 3.4, ಮಜ್ಜೆ ಕಷ್ಟಪಡುತ್ತಿದೆ, ಕುಡಿತ ಅದನ್ನೂ ತಡೀತದೆ.

ಏರಿಸಿದ ರಕ್ತ ಯಾಕೆ ನಿಲ್ಲಲಿಲ್ಲ ಅಂದರೆ, ದೋಷ ಕಣದ್ದಲ್ಲ, ಪ್ಲಾಸ್ಮಾದ್ದು. ಲಿವರ್ ಕೆಟ್ಟಾಗ ಲಿಪೊಪ್ರೋಟೀನ್ (ರಕ್ತದಲ್ಲಿ ಕೊಬ್ಬು ಹೊರುವ ಪ್ರೋಟೀನ್) ಬದಲಾಗಿ ಅದರಲ್ಲಿನ ಬಿಡಿ ಕೊಲೆಸ್ಟ್ರಾಲ್ ಕಣದ ಪೊರೆಗೆ ಸೇರುತ್ತದೆ. ಪೊರೆ ಅಗಲಾಗಿ ಬಿಗಿಯುತ್ತದೆ. ಗುಲ್ಮದಲ್ಲಿ ತೂರುವಾಗ ಚೂರು ಚೂರೇ ಪೊರೆ ಕಳಕೊಂಡು ಮುಳ್ಳಾಗಿ, ಕಡೆಗೆ ಅಲ್ಲೇ ಒಡೆಯುತ್ತದೆ. ದಾನಿಯ ಕಣವೂ ಅದೇ ಪ್ಲಾಸ್ಮಾದಲ್ಲಿ ಇದ್ದು ಹಾಗೇ ಆಗುತ್ತದೆ. ಹಾಗಂತ ಬರೇ ಅದೇ ಕಾರಣ ಅಂತ ಕೂರಬೇಡಿ. ಅನ್ನನಾಳದ ಉಬ್ಬಿದ ರಕ್ತನಾಳ ಸೋರುತ್ತಿದೆಯೇ, ಎಂಡೋಸ್ಕೋಪಿ ಆಗಲಿ. ಕಪ್ಪು ಮಲ ಅಥವಾ ರಕ್ತವಾಂತಿ ಇದ್ದರೆ ತಡ ಮಾಡದೆ ಎಮರ್ಜೆನ್ಸಿಗೆ.

ಗದಗ_ಲ್ಯಾಬ್:
ಹ್ಯಾಪ್ಟೊಗ್ಲೋಬಿನ್ (ಕಣ ಒಡೆದಾಗ ಇಳಿಯೋ ಪ್ರೋಟೀನ್) ಕಳಿಸ್ಲೇನ್ರಿ? ಕಬ್ಬಿಣದ ಟೆಸ್ಟಿನ್ಯಾಗ ಫೆರಿಟಿನ್ 900, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ 68%, ಎರಡೂ ಹೆಚ್ಚು ಬಂದಾವ.

ಹಾವೇರಿ_ಫಿಸಿಶಿಯನ್:
ಹ್ಯಾಪ್ಟೊಗ್ಲೋಬಿನ್ ಲಿವರಿನಲ್ಲೇ ತಯಾರಾಗೋದು, ಸಿರೋಸಿಸ್‌ನಲ್ಲಿ ಹೇಗೂ ಇಳಿದಿರುತ್ತದೆ. ಆ ರೊಕ್ಕ ಎಲ್‌ಡಿಎಚ್‌ಗೆ (ಕಣ ಒಡೆದಾಗ ಏರೋ ಕಿಣ್ವ) ಹಾಕಿ. ಕಬ್ಬಿಣದ ಗುಳಿಗೆ ನಿಲ್ಲಿಸೋ ಮಾತು ಇವತ್ತೇ ಚಿಕಿತ್ಸೆ ಕೊಡೋ ಡಾಕ್ಟರ ಕಿವಿಗೆ ಹಾಕಿ, ಈ ಅಂಕಿಗೆ ಅದರ ಗರಜಿಲ್ಲ. ಕಣ ಒಡೆದ ಕಬ್ಬಿಣವೇ ಒಳಗೆ ಕೂಡಿಬಿದ್ದಿದೆ. ಸ್ಟೀರಾಯ್ಡ್ ಕೂಡ ಕೆಲಸಕ್ಕೆ ಬಾರದು, ಕೂಂಬ್ಸ್ ನೆಗೆಟಿವ್. ರಕ್ತ ಕೊಡಲೇಬೇಕಾದರೆ ಹಿಮೋಗ್ಲೋಬಿನ್ 7-8ರಲ್ಲಿ ನಿಲ್ಲಿಸೋದು. 10ರವರೆಗೆ ಏರಿಸಿದರೆ ಪೋರ್ಟಲ್ ಒತ್ತಡ (ಲಿವರಿಗೆ ಹೋಗೋ ರಕ್ತನಾಳದ ಒತ್ತಡ) ಏರಿ ಸೋರಿಕೆಗೆ ದಾರಿ. ಕುಡಿತ ಪೂರ್ತಿ ಬಂದ್. ಲಿವರ್ ಕಸಿ ಆದರೆ ಈ ಕಣಗಳು ಮಾಯವಾಗುತ್ತವೆ, ಅದಕ್ಕೇ ಕಸಿ ಮಾಡೋ ಸೆಂಟರಿಗೆ ಲಗೂನ ತೋರಿಸಲಿ.

ಧಾರವಾಡ_ಸ್ಲೈಡ್:
ಒಂದು ಮಾತು ಸೇರಸ್ತೀನ್ರಿ. ಎಂಸಿವಿ 106 ಬರೇ ಲಿವರಿನಿಂದಲೂ ಆಗ್ತದ, ಆದ್ರ ನ್ಯೂಟ್ರೋಫಿಲ್ ಅನ್ನೋ ಬಿಳಿಕಣದ ಕೋಶಕೇಂದ್ರದಾಗ ಐದಾರು ಹಾಲೆ ಕಂಡ್ರ ಫೋಲೇಟ್ ವಿಟಮಿನ್ ಕೊರತಿ ನೋಡ್ರಿ. ಬಿ12 ಹೆಚ್ಚು ಬಂತಂತ ನಂಬಬ್ಯಾಡ್ರಿ. ಕೆಟ್ಟ ಲಿವರಿನಿಂದ ಬಿ12 ರಕ್ತಕ್ಕ ಇಳಿದು ಅಂಕಿ ಏರಿರ್ತದ.