ಅಪ್‌ಡೇಟ್: ರಾಮೇಶ್ವರದಲ್ಲಿ ಕೈಟ್‌ಸರ್ಫಿಂಗ್, ಕೊನೆಗೂ ಬೋರ್ಡ್ ಮೇಲೆ ನಿಂತೆ

ಹೋದ ವಾರ ಕೇಳಿದ್ದೆ ಅಲ್ವಾ, ಕೈಟ್‌ಸರ್ಫಿಂಗ್ (ದೊಡ್ಡ ಗಾಳಿಪಟದ ಎಳೆತದಿಂದ ಬೋರ್ಡ್ ಮೇಲೆ ನಿಂತು ನೀರಲ್ಲಿ ಸಾಗುವ ಆಟ) ಕಲಿಯುವಾಗ ಬೋರ್ಡ್ ಮೇಲೆ ಏಳುವಷ್ಟರಲ್ಲೇ ಕೈಟ್ ನನ್ನನ್ನು ಎಳೆದು ಮುಖ ಅಡಿಯಾಗಿ ಕೆಡವುತ್ತಿದೆ ಅಂತ. ಈಗ ಸರಿಹೋಯ್ತು!

ಒಬ್ಬರು ದೊಡ್ಡ ಕೈಟ್ ಹಾಕಿ ಅಂದಿದ್ದರು. ಅದರಲ್ಲಿ ಎಳೆತ ಇನ್ನೂ ಜಾಸ್ತಿಯಾಯ್ತು. ಕೆಲಸಕ್ಕೆ ಬಂದದ್ದು "ಬಾರ್ ಬಿಗಿಯಾಗಿ ಹಿಡಿಯಬೇಡಿ" ಎಂದವರ ಮಾತು (ಬಾರ್ ಅಂದ್ರೆ ಕೈಟನ್ನು ನಿಯಂತ್ರಿಸಲು ಕೈಯಲ್ಲಿ ಹಿಡಿಯುವ ಕೋಲು). ಭಯವಾದಾಗೆಲ್ಲ ನಾನು ಬಾರನ್ನು ಎದೆಗೆ ಎಳೆದುಕೊಳ್ಳುತ್ತಿದ್ದೆ. ಹಾಗೆ ಎಳೆದರೆ ಕೈಟಿನ ಬಲ ಹೆಚ್ಚುತ್ತದೆ, ದೂರ ಬಿಟ್ಟರೆ ಇಳಿಯುತ್ತದೆ. ಎರಡೇ ಬೆರಳಲ್ಲಿ ಹಿಡಿದು ಅಭ್ಯಾಸ ಮಾಡಿದೆ. ಮೂರನೇ ದಿನ ಮಂಡಿ ಮಡಿಸಿಕೊಂಡೇ ಎದ್ದೆ. ಬೋರ್ಡಿನ ಕೆಳಗೆ ನೀರು ಸರ್ರನೆ ಸೀಳುವ ಸದ್ದು ಮೊದಲ ಸಲ ಕೇಳಿಸಿತು!

ಗೊತ್ತೇ ಇರದ ಇನ್ನೊಂದು ವಿಷಯ: ಸುಮ್ನೆ ಕೈಟನ್ನೇ ನೋಡುತ್ತಿದ್ದರೆ ಮೈಯೂ ಅತ್ತಲೇ ವಾಲುತ್ತದೆ. ಹೋಗಬೇಕಾದ ಕಡೆ ಕಣ್ಣಿಡಿ. ಸಲಹೆ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.