ಮಾಡು ಸೋರಿಲ್ಲ, ಆದರೂ ಮ್ಯಾಗ್ನೀಷಿಯಂ ಬೋರ್ಡಿನ ಗೋಡೆ ಬೆವರುತ್ತಿದೆ. ಏನು ಮಾಡಲಿ?

ತಾರಸಿ_ರೂಮು, ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ನಮ್ಮದು ವಿದ್ಯಾನಗರದ ಕಡೆ ಹಳೇ ಮನೆ. ಮೇಲೆ ಇಟ್ಟಿಗೆ ಗೋಡೆ ಭಾರ ಹಾಕಬೇಡಿ ಅಂತ ಎಂಜಿನಿಯರ್ ಹೇಳಿದ್ದರು. ಅದಕ್ಕೆ ತಾರಸಿ ಮೇಲೆ ಜಿಐ ಚಾನೆಲ್ (ಸತು ಲೇಪದ ಕಬ್ಬಿಣದ ಪಟ್ಟಿ) ಫ್ರೇಮು ನಿಲ್ಲಿಸಿ ಎರಡೂ ಕಡೆ ಮ್ಯಾಗ್ನೀಷಿಯಂ ಆಕ್ಸೈಡ್ ಬೋರ್ಡ್ ಹೊಡೆಸಿದೆ. ಎಂಟಕ್ಕೆ ನಾಲ್ಕರ ಶೀಟು, ಹೊರಗೆ 12 ಎಂಎಂ, ಒಳಗೆ 8. ಮೇಲೆ ತಗಡಿನ ಮಾಡು. ಫೆಬ್ರವರಿಯಲ್ಲಿ ಕೆಲಸ ಮುಗಿಯಿತು, ಬೇಸಿಗೆಯೆಲ್ಲ ಏನೂ ತಕರಾರಿರಲಿಲ್ಲ.

ಜುಲೈನಲ್ಲಿ ಜಡಿ ಮಳೆ ಹಿಡಿದ ಮೇಲೆ ಶುರುವಾಯಿತು. ಬೆಳಗ್ಗೆ ಎದ್ದು ನೋಡಿದರೆ ಪಶ್ಚಿಮದ ಗೋಡೆ ಒಳಗೂ ಹೊರಗೂ ಸಣ್ಣ ಸಣ್ಣ ಹನಿ. ಒರೆಸಿದರೆ ಕೈ ಜಿಗಿಜಿಗಿ. ಸ್ಕ್ರೂ ಇರುವ ಕಡೆಯೆಲ್ಲ ಪುಟ್ಟಿ ಮೇಲೆ ಕಂದು ಚುಕ್ಕೆ, ಸಾಲಾಗಿ, ಯಾರೋ ಎಲೆ ಅಡಿಕೆ ಉಗಿದ ಹಾಗೆ. ಬಿಸಿಲು ಬಂದ ದಿನ ಹನಿ ಮಾಯವಾಗಿ ಬಿಳಿ ಪುಡಿ ಉಳಿಯುತ್ತದೆ.

ಬೋರ್ಡ್ ಹೊಡೆದವರು ತಗಡು ಸೋರುತ್ತಿದೆ ಅನ್ನುತ್ತಾರೆ. ತಗಡಿನವರು ಬೋರ್ಡಿನ ಜಾಯಿಂಟ್ ಸರಿಯಿಲ್ಲ ಅನ್ನುತ್ತಾರೆ. ಮೂರು ಸಲ ಸಿಲಿಕೋನ್ ಹಚ್ಚಿಸಿ ಆಯಿತು. ಕೊಳ್ಳುವಾಗ ಅಂಗಡಿಯವರು ನನ್ನ ಕಣ್ಣೆದುರೇ ಒಂದು ತುಂಡನ್ನು ಬಕೆಟ್ ನೀರಿಗೆ ಹಾಕಿ ತೋರಿಸಿದ್ದರು. ಉಬ್ಬಲಿಲ್ಲ, ಬಿರಿಯಲಿಲ್ಲ. ಗ್ಯಾಸ್ ಟಾರ್ಚ್ ಹಿಡಿದರೂ ಹತ್ತಿಕೊಳ್ಳಲಿಲ್ಲ. ಅಂಥ ಮಾಲು ಹಿಂಗ್ಯಾಕೆ?

ದುರ್ಗದ_ಫ್ಯಾಬ್ರಿಕೇಟರ್, ಚಿತ್ರದುರ್ಗ:
ಸಾರ್, ನಾಲ್ಕು ಪ್ರಶ್ನೆ. ಹನಿ ಮೇಲಿಂದ ಗೆರೆಯಾಗಿ ಇಳಿದು ಬರುತ್ತಿದೆಯಾ, ಇಲ್ಲ ಗೋಡೆ ತುಂಬ ಹರಡಿದೆಯಾ? ಕಿಟಕಿಯ ಕೆಳಗಡೆ, ಮಾಡಿನ ನೀರು ಬರಲಾಗದ ಜಾಗದಲ್ಲೂ ಇದೆಯಾ? ಸ್ಕ್ರೂ ಯಾವುದು? ರೂಮಿನೊಳಗೆ ಸ್ನಾನ, ಅಡುಗೆ, ಬಟ್ಟೆ ಒಣಗಿಸುವುದು ಏನಾದರೂ ನಡೆಯುತ್ತದಾ? ಪಶ್ಚಿಮದ ಗೋಡೆಯಿಂದ ಒಂದು, ರೂಮಿನ ನಡುವೆ ಅಡ್ಡಗೋಡೆ ಇದ್ದರೆ ಅದರಿಂದ ಒಂದು ಸ್ಕ್ರೂ ಬಿಚ್ಚಿ ನೋಡಿ. ಹನಿಯ ರುಚಿ ನೋಡಿ ಅಂತ ನಾನು ಹೇಳುವುದಿಲ್ಲ.

ತಾರಸಿ_ರೂಮು:
ಅಣ್ಣಾ, ನೀವು ಬರೆಯುವ ಮೊದಲೇ ನೋಡಿಬಿಟ್ಟಿದ್ದೆ. ಉಪ್ಪು, ಹಿಂದೆಯೇ ಕಹಿ. ಹನಿ ಗೋಡೆ ತುಂಬ ಇದೆ, ಕಿಟಕಿ ಕೆಳಗೂ ಇದೆ. ಜಿಪ್ಸಂ ಬೋರ್ಡಿಗೆ ಹೊಡೆಯುವ ಕಪ್ಪು ಸ್ಕ್ರೂ ಹಾಕಿದ್ದಾರೆ. ಪಶ್ಚಿಮದ್ದು ಬಿಚ್ಚಲು ಹೋದರೆ ತಲೆ ಮಾತ್ರ ಕೈಗೆ ಬಂತು. ಕುತ್ತಿಗೆ ಸೂಜಿಯಷ್ಟು ಸಣ್ಣಗಾಗಿತ್ತು. ಅಡ್ಡಗೋಡೆಯದ್ದು ಹೊಸದರ ಹಾಗೇ ಇದೆ. ಇನ್ನು ಬಟ್ಟೆ... ಮಳೆ ಹಿಡಿದಾಗಿನಿಂದ ಅಮ್ಮ ಆ ಗೋಡೆ ಪಕ್ಕಕ್ಕೇ ಹಗ್ಗ ಕಟ್ಟಿದ್ದಾರೆ. ಎರಚಲು ಬರುತ್ತದೆ ಅಂತ ಕಿಟಕಿಯೂ ಬಂದ್.

ದುರ್ಗದ_ಫ್ಯಾಬ್ರಿಕೇಟರ್:
ಹಾಗಾದರೆ ತಗಡಿನವರನ್ನು ಬಿಟ್ಟುಬಿಡಿ, ಪಾಪ. ಇದು ಸೋರಿಕೆ ಅಲ್ಲ. ಬೋರ್ಡು ಗಾಳಿಯಿಂದ ನೀರು ಎಳೆದುಕೊಂಡು ಬೆವರುತ್ತಿದೆ.

ಈ ಬೋರ್ಡು ಮಾಡುವುದು ಮ್ಯಾಗ್ನೀಷಿಯಂ ಆಕ್ಸೈಡ್ ಪುಡಿಗೆ ಮ್ಯಾಗ್ನೀಷಿಯಂ ಕ್ಲೋರೈಡ್ ದ್ರಾವಣ ಕಲಸಿ. ಜೊತೆಗೆ ಪರ್ಲೈಟ್ ಅನ್ನುವ ಹಗುರ ಕಲ್ಲಿನ ಕಾಳು, ಮರದ ಹೊಟ್ಟು, ಗಟ್ಟಿಗೆ ಫೈಬರ್ ಗ್ಲಾಸ್ ಜಾಲರಿ. ಈ ಸಿಮೆಂಟು ಹೊಸದೇನಲ್ಲ, ಫ್ರಾನ್ಸಿನ ಸೊರೆಲ್ ಅನ್ನುವವರು 1867ರಲ್ಲೇ ಕಂಡುಹಿಡಿದದ್ದು. ಕಲಸುವಾಗ ಅಳತೆ ತಪ್ಪಿದರೆ, ಸರಿಯಾಗಿ ಹದವಾಗದಿದ್ದರೆ, ಕ್ಲೋರೈಡ್ ಬಿಡಿಯಾಗಿ ಉಳಿಯುತ್ತದೆ. ಸರಿಯಾಗಿ ಮಾಡಿದ್ದರೂ ತೇವ ತಿಂಗಳುಗಟ್ಟಲೆ ನಿಂತರೆ ಸ್ವಲ್ಪ ಸ್ವಲ್ಪ ಬಿಡಿಸಿಕೊಳ್ಳುತ್ತದೆ. ಆ ಉಪ್ಪು ಗಾಳಿಯ ತೇವ 33 ಪರ್ಸೆಂಟ್ ದಾಟಿದರೆ ಸಾಕು, ನೀರು ಹೀರಿಕೊಂಡು ತಾನೇ ಕರಗುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಉಪ್ಪು ಒದ್ದೆಯಾಗುವುದಿಲ್ವಾ, ಅದರ ಅಪ್ಪ ಇದು. ಹಾಗಂತ 33ಕ್ಕೇ ಹನಿ ಕಾಣುವುದಿಲ್ಲ. ದಿನಗಟ್ಟಲೆ 80ರ ಮೇಲೆ ನಿಂತು ಬೋರ್ಡಿನ ಒಳಗೆಲ್ಲ ತುಂಬಿದ ಮೇಲೆ ಹೊರಗೆ ಬರುತ್ತದೆ. ಹೊರಗೆ ಜಡಿ ಮಳೆ, ಒಳಗೆ ಒದ್ದೆ ಬಟ್ಟೆ, ಕಿಟಕಿ ಬಂದ್. ಇನ್ನೇನು ಬೇಕು?

ಅಂಗಡಿಯವರ ಬಕೆಟ್ ಪರೀಕ್ಷೆ ಸುಳ್ಳಲ್ಲ, ಅರ್ಧ ನಿಜ. ನೀರಿಗೆ ಬೋರ್ಡು ಉಬ್ಬುವುದಿಲ್ಲ. ಆದರೆ ಆ ಬಕೆಟ್ಟಿನ ನೀರಿನಲ್ಲಿ ಏನು ಕರಗಿತ್ತು ಅಂತ ಯಾರೂ ನೋಡಲಿಲ್ಲ. ಬೋರ್ಡಿಗೆ ತಕ್ಷಣ ಏನೂ ಆಗಲ್ಲ ಸಾರ್, ಮೊದಲು ಬೋರ್ಡನ್ನು ಹಿಡಿದುಕೊಂಡ ಕಬ್ಬಿಣಕ್ಕೆ ಆಗುತ್ತದೆ. ಡೆನ್ಮಾರ್ಕಿನಲ್ಲಿ 2010ರ ನಂತರ ಕಟ್ಟಡಗಳ ಹೊರಗೋಡೆಗೆ ಇದನ್ನೇ ವಿಪರೀತ ಬಳಸಿದರು. ಅಲ್ಲಿಯ ತೇವಕ್ಕೆ ಹೀಗೇ ಹನಿ ಸುರಿದು, ‘ಅಳುವ ಬೋರ್ಡು’ ಅಂತ ಹೆಸರು ಬಿದ್ದು, ಕಿತ್ತು ಹಾಕಬೇಕಾಯಿತು. ನಾನು ಚಳ್ಳಕೆರೆಯ ಒಂದು ಗೋಡೌನಿನ ಒಳಗೆ ಇದೇ ಥರದ್ದು ಹೊಡೆದು ನಾಲ್ಕು ವರ್ಷ ಆಯಿತು, ಏನೂ ಆಗಿಲ್ಲ. ಆ ಕಡೆ ಮಳೆಯೂ ಅಷ್ಟಕ್ಕಷ್ಟೇ, ಗಾಳಿಯೂ ಒಣಗಾಳಿ.

ಬಣ್ಣದ_ಬಸಣ್ಣ, ಹರಿಹರ:
ಇಷ್ಟಕ್ಕೆಲ್ಲ ಯಾಕೆ ಸಾರ್ ತಲೆಬಿಸಿ. ಗೋಡೆ ಒಣಗಿದ ದಿನ ಎಪಾಕ್ಸಿ ಪ್ರೈಮರ್ ಎರಡು ಕೋಟ್ ಎಳೆಯಿರಿ, ಮುಗೀತು.

ದುರ್ಗದ_ಫ್ಯಾಬ್ರಿಕೇಟರ್:
ಬಸಣ್ಣಾ, ಮುಂದುಗಡೆ ಮುಚ್ಚುತ್ತೀರಿ, ಸರಿ. ಫ್ರೇಮಿನ ಕಡೆಯ ಬೆನ್ನು? ಅಲ್ಲಿ ಗಾಳಿ ಆಡುತ್ತಲೇ ಇರುತ್ತದೆ. ಉಪ್ಪು ಒಳಗೇ ಇರುತ್ತದೆ. ಚಂದ ಕಾಣುವ ಗೋಡೆಯ ಹಿಂದೆ ಫ್ರೇಮು ತಿಂದು ಹೋಗುತ್ತದೆ. ಅದಕ್ಕಿಂತ ಈಗ ಕಾಣುತ್ತಿರುವುದೇ ವಾಸಿ.

ಲ್ಯಾಬ್_ಮೇಡಂ, ದಾವಣಗೆರೆ:
ರುಚಿ ನೋಡಿ ತೀರ್ಮಾನ ಮಾಡಬೇಡಿ, ಪರೀಕ್ಷೆ ಸುಲಭ ಇದೆ. ಹನಿ ಬಂದ ಬೋರ್ಡಿನಿಂದ ಒಂದು ಚೂರು ಕುಟ್ಟಿ ಪುಡಿ ಮಾಡಿ, ಡಿಸ್ಟಿಲ್ಡ್ ವಾಟರ್‌ನಲ್ಲಿ ರಾತ್ರಿ ನೆನೆಹಾಕಿ. ಬ್ಯಾಟರಿಗೆ ಹಾಕುವ ನೀರು ಸಿಗುತ್ತದಲ್ಲ, ಅದೇ ಸಾಕು. ಬೋರ್‌ವೆಲ್ ನೀರು ಬೇಡ, ಅದರಲ್ಲೇ ಕ್ಲೋರೈಡ್ ಇರುತ್ತದೆ. ಬೆಳಗ್ಗೆ ತಿಳಿನೀರು ಸೋಸಿ ಯಾವುದಾದರೂ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿಗೆ ಒಯ್ಯಿರಿ. ಅವರು ಮೊದಲು ನೈಟ್ರಿಕ್ ಆಸಿಡ್ ಹಾಕಿ, ಆಮೇಲೆ ಎರಡು ಹನಿ ಸಿಲ್ವರ್ ನೈಟ್ರೇಟ್ ಬಿಡುತ್ತಾರೆ. ಬೋರ್ಡು ಕ್ಷಾರ ನೋಡಿ, ಆಸಿಡ್ ಹಾಕದಿದ್ದರೆ ಬೇರೆ ಗಸಿ ಬಂದು ಕಣ್ಣಿಗೆ ಮೋಸ ಆಗುತ್ತದೆ. ಹಾಲು ಒಡೆದ ಹಾಗೆ ದಪ್ಪ ಬಿಳಿ ಗಸಿ ಬಂದರೆ ಕ್ಲೋರೈಡ್ ಬೋರ್ಡು. ಬರೀ ಮಸುಕಾದರೆ ಸಲ್ಫೇಟ್ ಬೋರ್ಡು ಇರಬಹುದು. ಅದನ್ನು ಮ್ಯಾಗ್ನೀಷಿಯಂ ಸಲ್ಫೇಟ್ ಹಾಕಿ ಮಾಡುತ್ತಾರೆ, ಅದು ಹೀಗೆ ಬೆವರುವುದಿಲ್ಲ. ಆದರೂ ಜೊತೆಗೆ ಬರೀ ಬ್ಯಾಟರಿ ನೀರನ್ನೂ ಒಂದು ಟ್ಯೂಬಿನಲ್ಲಿ ಇಟ್ಟು ಹೋಲಿಸಿ ನೋಡಿ.

ತಾರಸಿ_ರೂಮು:
ತಂಗಿಯ ಕಾಲೇಜಿನಲ್ಲಿ ಮಾಡಿಸಿದೆ. ಬ್ಯಾಟರಿ ನೀರು ತಿಳಿಯಾಗೇ ಉಳಿಯಿತು. ನಮ್ಮದು ಮೊಸರು. ಲ್ಯಾಬ್ ಅಟೆಂಡರ್ ‘ಸಮುದ್ರದ ನೀರು ತಂದಿದ್ದೀರಾ’ ಅಂತ ಕೇಳಿದರು. ಈಗ ಪೂರ್ತಿ ಕೀಳಬೇಕಾ?

ದುರ್ಗದ_ಫ್ಯಾಬ್ರಿಕೇಟರ್:
ಪೂರ್ತಿ ಬೇಡ, ಆದರೆ ಬುಡ ಬಿಚ್ಚಿ ನೋಡಿ. ಪಶ್ಚಿಮದ ಗೋಡೆಯಲ್ಲಿ ಕೆಳಗಿನ ಒಂದಡಿ ಬೋರ್ಡು ಕತ್ತರಿಸಿ ತೆಗೆಯಿರಿ. ಮಾಸ್ಕ್ ಹಾಕಿಕೊಳ್ಳಿ, ಧೂಳು ಬಹಳ. ಇಳಿದ ಉಪ್ಪುನೀರೆಲ್ಲ ಕೆಳಗಿನ ಟ್ರ್ಯಾಕಿನಲ್ಲೇ, ಅಂದರೆ ಫ್ರೇಮು ಕೂತಿರುವ ಬುಡದ ಪಟ್ಟಿಯಲ್ಲೇ ನಿಲ್ಲುವುದು. ಟ್ರ್ಯಾಕ್ ತೂತು ಬಿದ್ದಿದ್ದರೆ ಬದಲಾಯಿಸಿ. ಬರೀ ಬಿಳಿ ಪೊರೆ ಇದ್ದರೆ ಒಳ್ಳೆ ನೀರಿನಲ್ಲಿ ತೊಳೆದು, ಒಣಗಿಸಿ, ಜಿಂಕ್ ಪ್ರೈಮರ್ ಹೊಡೆಯಿರಿ. ಕೆಳಗಿನ ಸ್ಲ್ಯಾಬನ್ನೂ ಅಷ್ಟೇ, ಚೆನ್ನಾಗಿ ತೊಳೆದು ವಾಟರ್‌ಪ್ರೂಫ್ ಮಾಡಿಸಿ. ಈ ಉಪ್ಪು ಕಾಂಕ್ರೀಟಿನೊಳಗೆ ಇಳಿದರೆ ಸರಳು ತಿನ್ನುತ್ತದೆ. ನನಗೆ ಗೋಡೆಗಿಂತ ಅದರದೇ ಚಿಂತೆ ಜಾಸ್ತಿ.

ಹೊರಗೋಡೆಗೆ ಫೈಬರ್ ಸಿಮೆಂಟ್ ಬೋರ್ಡ್ ಹೊಡೆಸಿ, ಸ್ಟೇನ್‌ಲೆಸ್ ಸ್ಕ್ರೂ ಹಾಕಿಸಿ. ಪಶ್ಚಿಮದ ಗೋಡೆಯ ಒಳಮೈ ಬೋರ್ಡೂ ಬೆವರುತ್ತಿದೆಯಲ್ಲ, ಅದನ್ನೂ ತೆಗೆಯಿರಿ. ಅಡ್ಡಗೋಡೆ ಒಣಗಿದೆ, ಅದರ ಕಪ್ಪು ಸ್ಕ್ರೂಗಳನ್ನು ಒಂದೊಂದಾಗಿ ಬದಲಾಯಿಸಿದರೆ ಸಾಕು. ಇನ್ನೊಮ್ಮೆ ಕೊಳ್ಳುವಾಗ ಬಕೆಟ್ಟೂ ಬೇಡ, ಟಾರ್ಚೂ ಬೇಡ. ಕ್ಲೋರೈಡಾ ಸಲ್ಫೇಟಾ ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ತಾರಸಿ_ರೂಮು:
ಭಾನುವಾರ ಬಿಚ್ಚಿದೆವು. ಪಶ್ಚಿಮದ ಟ್ರ್ಯಾಕು ಐದಡಿ ಉದ್ದ ಜರಡಿ ಆಗಿದೆ. ಬೆರಳಿನಲ್ಲಿ ಒತ್ತಿದರೆ ಪುಡಿ ಉದುರುತ್ತದೆ. ಒಂದಡಿಯಿಂದ ಮೇಲೆ ಚಾನೆಲ್ ಗಟ್ಟಿ ಇದೆ. ಇನ್ನೆರಡು ಮಳೆಗಾಲ ಬಿಟ್ಟಿದ್ದರೆ ಏನಾಗುತ್ತಿತ್ತೋ. ಟ್ರ್ಯಾಕ್ ಕತ್ತರಿಸಿ ಹೊಸದು ಕೂರಿಸುತ್ತಿದ್ದೇವೆ, ಸ್ಲ್ಯಾಬ್ ತೊಳೆದಾಯಿತು. ಫೈಬರ್ ಸಿಮೆಂಟ್ ಶೀಟು ನಾಳೆ ಬರುತ್ತದೆ.

ಅಮ್ಮನ ಹಗ್ಗ ಈಗ ಕೆಳಗೆ ಹಾಲ್‌ಗೆ ಬಂದಿದೆ. ಅಪ್ಪ ಟಿವಿಯಲ್ಲಿ ವಾರ್ತೆ ನೋಡುವುದು ಎರಡು ಸೀರೆ ನಡುವಿನ ಸಂದಿಯಿಂದ.