ಪದಚರ್ಚೆ: ‘ತ್ರಿಜ್ಯ’ದಲ್ಲಿರುವ ಮೂರು ಯಾವುದು?

ಎಲ್ಲರಿಗೂ ನಮಸ್ಕಾರ.

ವೃತ್ತದ ನಡುವಿನಿಂದ ಅಂಚಿಗೆ ಎಳೆದ ಗೆರೆಗೆ ಶಾಲೆಯಲ್ಲಿ ನಾವು ತ್ರಿಜ್ಯ ಅಂತ ಕಲಿತೆವು. ಗೆರೆ ಒಂದೇ, ಹೆಸರಿನಲ್ಲಿ ಮಾತ್ರ ಮೂರು ಇದೆ. ಪರಿಧಿ ವ್ಯಾಸದ ಸುಮಾರು ಮೂರರಷ್ಟಿರುತ್ತದಲ್ಲ, ಅದೇ ಈ ಮೂರು ಎಂದು ಹೇಳುವವರಿದ್ದಾರೆ. ಅದು ಸುಮ್ನೆ ಹೊಂದಿಸಿದ ವಿವರಣೆ. ಈ ಮೂರು ಬಂದಿರುವುದು ಆಕಾಶದ ಲೆಕ್ಕದಿಂದ.

ಜ್ಯಾ ಅಂದರೆ ಬಿಲ್ಲಿನ ಹೆದೆ. ವೃತ್ತದ ಒಂದು ತುಂಡು ಬಿಲ್ಲು, ಅದರ ಎರಡು ತುದಿಗಳನ್ನು ಸೇರಿಸುವ ನೇರ ಗೆರೆ ಹೆದೆ. ನಮ್ಮ ಪಠ್ಯಪುಸ್ತಕದಲ್ಲಿ ಇವತ್ತಿಗೂ ಇದೇ ಅರ್ಥ. ಆದರೆ ಗ್ರಹಗಳ ಲೆಕ್ಕ ಹಾಕುತ್ತಿದ್ದವರಿಗೆ ಬೇಕಾಗಿದ್ದು ಅರ್ಧ ಹೆದೆ. ಅದನ್ನು ಅರ್ಧಜ್ಯಾ ಅಂದರು. ಬಳಸಿ ಬಳಸಿ ‘ಅರ್ಧ’ ಉದುರಿಹೋಗಿ ಅದಕ್ಕೂ ಜ್ಯಾ ಅಂತಲೇ ಹೆಸರಾಯಿತು.

ಈಗ ಒಂದು ವೃತ್ತ ಬರೆದು ನೋಡಿ. ಸಣ್ಣ ಬಿಲ್ಲಿಗೆ ಅರ್ಧ ಹೆದೆಯೂ ಸಣ್ಣದು. ಬಿಲ್ಲು ದೊಡ್ಡದಾದಂತೆ ಅದೂ ಬೆಳೆಯುತ್ತದೆ. ಬಿಲ್ಲು ಅರ್ಧ ವೃತ್ತವಾದಾಗ ಪೂರ್ತಿ ಹೆದೆಯೇ ವ್ಯಾಸ. ಅದರ ಅರ್ಧವೇ ನಮ್ಮ ಗೆರೆ. ಅರ್ಧ ಹೆದೆಗೆ ಹೊಂದುವುದು ಅರ್ಧ ಬಿಲ್ಲು, ಆಗ ಅದರ ಅಳತೆ 90 ಡಿಗ್ರಿ. ರಾಶಿಚಕ್ರದಲ್ಲಿ ಒಂದು ರಾಶಿಗೆ 30 ಡಿಗ್ರಿ, ಅಂದರೆ 90 ಡಿಗ್ರಿಗೆ ಮೂರು ರಾಶಿ. ಮೂರು ರಾಶಿಯ ಜ್ಯಾ, ಅದೇ ತ್ರಿಜ್ಯಾ! ಸಂಸ್ಕೃತದಲ್ಲಿ ತ್ರಿಭಜ್ಯಾ ಅನ್ನುವ ರೂಪವೂ ಇದೆ. ಅಲ್ಲಿ ‘ಭ’ ಅಂದರೆ ರಾಶಿ. ಹಾಗಾಗಿ ಅನುಮಾನಕ್ಕೆ ಜಾಗವಿಲ್ಲ.

ಆರ್ಯಭಟ 499ರ ಸುಮಾರಿಗೆ ಕೊಟ್ಟ ಜ್ಯಾ ಕೋಷ್ಟಕದಲ್ಲಿ ಈ ತ್ರಿಜ್ಯದ ಬೆಲೆ 3438. ಇಡೀ ವೃತ್ತಕ್ಕೆ 360 ಡಿಗ್ರಿ, ಒಂದು ಡಿಗ್ರಿಗೆ 60 ಕಲೆ, ಅಂದರೆ 21,600 ಕಲೆ. ಪರಿಧಿ ಅಷ್ಟಿದ್ದರೆ ತ್ರಿಜ್ಯ ಎಷ್ಟು ಕಲೆ ಅಂತ ಭಾಗಿಸಿ ನೋಡಿ, ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಬಿಲ್ಲನ್ನೂ ಹೆದೆಯನ್ನೂ ಒಂದೇ ಅಳತೆಗೋಲಿನಿಂದ ಅಳೆದಿದ್ದಾರೆ. ನನಗೆ ಇದು ತುಂಬಾ ಸೊಗಸಾಗಿ ಕಾಣುತ್ತದೆ.

ಈ ಅರ್ಧ ಹೆದೆಯ ಮುಂದಿನ ಕತೆ ಕೆಲವರಿಗೆ ಗೊತ್ತಿರಬಹುದು. ಜ್ಯಾಕ್ಕೆ ಜೀವಾ ಅಂತಲೂ ಹೆಸರಿತ್ತು. ಅರಬ್ಬರು ಅದನ್ನು ಜೀಬಾ ಅಂತ ತೆಗೆದುಕೊಂಡರು. ಸ್ವರಗಳನ್ನು ಬಿಟ್ಟು ಬರೆಯುವ ಲಿಪಿಯಲ್ಲಿ ಅದನ್ನು ‘ಜೈಬ್’ ಅಂತಲೂ ಓದಬಹುದು. ಜೈಬ್ ಅಂದರೆ ಉಡುಪಿನ ಎದೆಯ ಭಾಗದ ಮಡಿಕೆ. 12ನೇ ಶತಮಾನದಲ್ಲಿ ಲ್ಯಾಟಿನ್‌ಗೆ ತಂದವರು ಆ ಅರ್ಥ ಹಿಡಿದು ‘ಸೈನಸ್’ ಅಂದರು, ಅದೇ ಇವತ್ತಿನ ತ್ರಿಕೋನಮಿತಿಯ ಸೈನ್. ನಮ್ಮ ಅಂಗಿಯ ಜೇಬು ಕೂಡ ಇದೇ ಜೈಬ್, ಪಾರಸಿ ಮತ್ತು ಉರ್ದು ದಾಟಿ ಬಂದದ್ದು.

ಬೇರೆ ಭಾಷೆಗಳು ಈ ಗೆರೆಯನ್ನು ಬೇರೆ ಥರ ನೋಡಿವೆ. ಗ್ರೀಕ್ ಗಣಿತಜ್ಞ ಯೂಕ್ಲಿಡ್‌ಗೆ ಇದಕ್ಕೆ ಬಿಡಿ ಪದವೇ ಇರಲಿಲ್ಲ, ‘ಕೇಂದ್ರದಿಂದ ಹೊರಟದ್ದು’ ಅಂತಷ್ಟೇ ಬರೆಯುತ್ತಾನೆ. (ನಮ್ಮ ‘ಕೇಂದ್ರ’ವೂ ಗ್ರೀಕಿನ ಕೆಂಟ್ರಾನ್ ಪದವೇ, ಮೊದಲ ಅರ್ಥ ಚುಚ್ಚುವ ಮೊನೆ.) ಲ್ಯಾಟಿನ್‌ನ ರೇಡಿಯಸ್ ಅಂದರೆ ಚಕ್ರದ ಅರ, ಸೈಕಲ್ಲಿನಲ್ಲಾದರೆ ಕಡ್ಡಿ. ತಮಿಳು, ಮಲಯಾಳದವರು ‘ಆರಂ’ ಅನ್ನುತ್ತಾರೆ, ಅದೂ ಚಕ್ರದ ಅರವೇ. ತೆಲುಗರದು ‘ವ್ಯಾಸಾರ್ಧಂ’. ಹಿಂದಿ, ಮರಾಠಿಯವರು ನಮ್ಮ ಹಾಗೆ ತ್ರಿಜ್ಯಾ ಅನ್ನುತ್ತಾರೆ.

ಅರ, ವ್ಯಾಸಾರ್ಧ ಎರಡೂ ಕೇಳಿದ ಕೂಡಲೇ ಅರ್ಥವಾಗುತ್ತವೆ, ನಿಜ. ಆದರೂ ತ್ರಿಜ್ಯವನ್ನು ಬಿಡಬಾರದು ಅಂತ ನನ್ನ ಅಭಿಪ್ರಾಯ. ಮಕ್ಕಳಿಗೆ ತೊಡಕಾಗುವುದು ಪದದಿಂದಲ್ಲ. ಒಂದೇ ಪಾಠದಲ್ಲಿ ಜ್ಯಾ ಅಂದರೆ ಪೂರ್ತಿ ಹೆದೆ, ತ್ರಿಜ್ಯದೊಳಗಿನ ಜ್ಯಾ ಅರ್ಧ ಹೆದೆ. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಪಾಠದಲ್ಲಿ ಎರಡು ಸಾಲು ಸೇರಿಸಿದರೆ ಸಾಕು, ಅಲ್ವಾ?

ನಿಮ್ಮಲ್ಲಿ ಒಂದು ಪ್ರಶ್ನೆ. ಬಾವಿ ತೋಡುವಾಗ, ಕಣ ಮಾಡುವಾಗ ಗೂಟ ನೆಟ್ಟು ಹಗ್ಗ ಸುತ್ತಿಸಿ ಗುಂಡಗೆ ಗೆರೆ ಎಳೆಯುತ್ತಾರಲ್ಲ, ಆ ಹಗ್ಗದ ಉದ್ದಕ್ಕೆ ನಿಮ್ಮ ಕಡೆ ಏನನ್ನುತ್ತಾರೆ? ಚಕ್ರ ಮಾಡುವ ಬಡಗಿಗಳ ಬಾಯಲ್ಲಿ ಬೇರೆ ಪದವಿದ್ದರೆ ಅದನ್ನೂ ಊರಿನ ಹೆಸರಿನೊಂದಿಗೆ ಬರೆಯಿರಿ.